ಇಗರ್ಜಿ ಶಾಲೆಯ ಚರಿತ್ರೆ ಬರೆಯುವುದು ಹೇಗೆ: ಕಾಸರಗೋಡಿನ ಶತಮಾನೋತ್ಸವ ಸಮಿತಿಗಳಿಗೆ

ಶತಮಾನೋತ್ಸವಕ್ಕೆ ಆರು ತಿಂಗಳಿದೆ ಎನ್ನುವಾಗ ಸ್ಮರಣ ಸಂಚಿಕೆಯ ಮಾತೆತ್ತಿದರೆ ಕೈಗೆ ಬರುವುದು ಶುಭಾಶಯ ಪತ್ರ, ಜಾಹೀರಾತು ಮತ್ತು ಸಾಲಾಗಿ ನಿಂತವರ ಫೋಟೊ. ಶಾಲೆಯ ಚರಿತ್ರೆ ಅದರೊಳಗೆ ಎರಡು ಪುಟ ಇರುತ್ತದೆ, ಅದೂ ಹಿಂದಿನ ಸಂಚಿಕೆಯಿಂದ ಇಳಿಸಿದ್ದು. ಮಂಜೇಶ್ವರ, ವರ್ಕಾಡಿ, ಕಯ್ಯಾರು, ಬೇಳ, ಕಾಸರಗೋಡು ಕಡೆ ಇಗರ್ಜಿಯ (ಚರ್ಚಿನ) ಪಕ್ಕದಲ್ಲಿ ಬೆಳೆದ ಅನುದಾನಿತ ಶಾಲೆಗಳಿಗೆ ಇದಕ್ಕಿಂತ ಒಳ್ಳೆಯ ಚರಿತ್ರೆ ಸಲ್ಲಬೇಕು, ಅದನ್ನು ಬರೆಯಲು ಬೇಕಾದ ಸಾಮಗ್ರಿಯೂ ಇದೆ. ಅದು ಭಾಷಣಗಳಲ್ಲಿಲ್ಲ, ಹೆಡ್‌ಮಾಸ್ಟ್ರ ಕೋಣೆಯ ಕಪಾಟಿನ ದಾಖಲಾತಿ ಪುಸ್ತಕಗಳಲ್ಲಿದೆ. ಹಬ್ಬಕ್ಕೆ ಎರಡು ವರ್ಷ ಮೊದಲೇ ಕೆಲಸ ಶುರುಮಾಡಿ. ಮೊದಲ ವರ್ಷ ಹುಡುಕುವುದಕ್ಕೆ, ಎರಡನೆಯದು ಬರೆದು ಅಚ್ಚುಮಾಡುವುದಕ್ಕೆ.

ಸಮಿತಿ ಎಷ್ಟೇ ದೊಡ್ಡದಿರಲಿ, ಚರಿತ್ರೆಯ ಕೆಲಸಕ್ಕೆ ಐದಾರು ಜನ ಸಾಕು. ನಿವೃತ್ತ ಟೀಚರ್ ಒಬ್ಬರು, ಕಂಪ್ಯೂಟರ್‌ನಲ್ಲಿ ಕನ್ನಡ ಟೈಪ್ ಮಾಡಬಲ್ಲ ಇಬ್ಬರು, ಮಲಯಾಳಂ ಸರಾಗವಾಗಿ ಓದುವವರೊಬ್ಬರು, ಕೊಂಕಣಿ ಬಲ್ಲವರೊಬ್ಬರು. ಕ್ರೈಸ್ತರಲ್ಲದ ಹಳೆ ವಿದ್ಯಾರ್ಥಿಯೊಬ್ಬರು ಇರಲೇಬೇಕು. ಈ ಶಾಲೆಗಳಲ್ಲಿ ಕಲಿತವರು ಇಗರ್ಜಿಯ ಮಕ್ಕಳು ಮಾತ್ರ ಅಲ್ಲವಲ್ಲ. ಬ್ಯಾರಿ, ತುಳು, ಹವ್ಯಕ, ಮರಾಠಿ ಮನೆಗಳವರೂ ಅದೇ ಬೆಂಚಿನಲ್ಲಿ ಕೂತವರು. ಅವರಿಲ್ಲದೆ ಬರೆದದ್ದು ಫಿರ್ಗಜೆಯ (ಇಗರ್ಜಿಗೆ ಸೇರಿದ ಕ್ರೈಸ್ತ ಸಮುದಾಯದ) ಚರಿತ್ರೆಯಾದೀತು, ಶಾಲೆಯದ್ದಲ್ಲ. ಪುಸ್ತಕ ಮುಟ್ಟುವ ಮುಂಚೆ ಮ್ಯಾನೇಜರ್ ಮತ್ತು ಮುಖ್ಯೋಪಾಧ್ಯಾಯರಿಂದ ಲಿಖಿತ ಅನುಮತಿ ಪಡೆಯಿರಿ. ಯಾವ ದಾಖಲೆ, ಯಾರು ನೋಡುತ್ತಾರೆ, ಎಲ್ಲಿ ನೋಡುತ್ತಾರೆ ಎಂಬುದು ಅದರಲ್ಲಿರಲಿ. ದಾಖಲಾತಿ ಪುಸ್ತಕ ಶಾಲೆಯ ಆವರಣ ಬಿಟ್ಟು ಹೊರಗೆ ಹೋಗಬಾರದು. ಜನನ ದಿನಾಂಕ, ವರ್ಗಾವಣೆ ಪತ್ರ ಎಲ್ಲಕ್ಕೂ ಅದೇ ಮೂಲ. ಕಳೆದರೆ ಇನ್ನೊಂದಿಲ್ಲ.

ಯಾವ ದಿನಾಂಕ ನಿಜ?

ಮೊದಲ ಜಗಳ ಶುರುವಾಗುವುದು ಸ್ಥಾಪನೆಯ ವರ್ಷದ ಬಗ್ಗೆ. ಒಂದೇ ಶಾಲೆಗೆ ನಾಲ್ಕು ಹುಟ್ಟುಗಳಿರಬಹುದು, ನಾಲ್ಕೂ ನಿಜವಿರಬಹುದು. ಇಗರ್ಜಿಯ ಜಗಲಿಯಲ್ಲಿ ದೊತೊರ್ನ್ (ಧರ್ಮೋಪದೇಶ) ಜೊತೆಗೆ ಅಕ್ಷರ ಕಲಿಸಲು ಕೂತ ವರ್ಷ ಒಂದು. ಮದ್ರಾಸ್ ಸರಕಾರದ ಶಿಕ್ಷಣ ಇಲಾಖೆ ಮಾನ್ಯತೆ ಕೊಟ್ಟ ವರ್ಷ ಇನ್ನೊಂದು. ಎಂಟನೆಯ ತರಗತಿಯವರೆಗೆ ಹೈಯರ್ ಎಲಿಮೆಂಟರಿ ಆದದ್ದು ಮೂರನೆಯದು. ಹೈಸ್ಕೂಲಿಗೆ ಮಂಜೂರಾತಿ ಸಿಕ್ಕಿದ್ದು ನಾಲ್ಕನೆಯದು. ಯಾವುದನ್ನು ಆಚರಿಸುತ್ತೀರೆಂಬುದು ಸಮಿತಿಯ ತೀರ್ಮಾನ. ಆದರೆ ಪುಸ್ತಕದಲ್ಲಿ ನಾಲ್ಕನ್ನೂ ಕೊಟ್ಟು, ಪ್ರತಿಯೊಂದಕ್ಕೂ ಆಧಾರ ಯಾವ ಕಾಗದ ಎಂದು ಬರೆಯಿರಿ. ಗೋಡೆಯ ಅಮೃತಶಿಲೆಯ ಫಲಕ ಆಧಾರವಲ್ಲ. ಅದು ಸಾಮಾನ್ಯವಾಗಿ ಕಟ್ಟಡದ ವರ್ಷ ಹೇಳುತ್ತದೆ, ಶಾಲೆಯದ್ದಲ್ಲ.

ಶಾಲೆಯ ಹೆಸರೇ ಕೆಲವೊಮ್ಮೆ ಸುಳಿವು ಕೊಡುತ್ತದೆ. ಸಂತರಾಗಿ ಘೋಷಿತರಾಗುವ ಮೊದಲು ಒಬ್ಬರನ್ನು ಸಂತರೆಂದು ಕರೆದು ಶಾಲೆಗೆ ಹೆಸರಿಡುವ ಪದ್ಧತಿ ಇಗರ್ಜಿಯಲ್ಲಿಲ್ಲ. ಡಾನ್ ಬೊಸ್ಕೊ ಸಂತರಾದದ್ದು 1934ರಲ್ಲಿ, ಲಿಸ್ಯುವಿನ ತೆರೇಜಾ 1925ರಲ್ಲಿ, ಕರಾವಳಿಯಲ್ಲಿ ದುಡಿದ ಜೋಸೆಫ್ ವಾಜ್ 2015ರಲ್ಲಿ. ಕ್ರಿಸ್ತರಾಜನ ಹಬ್ಬವನ್ನು ಪೋಪ್ 11ನೆಯ ಪಿಯುಸ್ ಸ್ಥಾಪಿಸಿದ್ದು 1925ರಲ್ಲಿ. ಆ ಹೆಸರಿನ ಶಾಲೆ ಅದಕ್ಕಿಂತ ಹಳೆಯದೆಂದು ಹೇಳುವವರಿದ್ದರೆ ಒಂದೋ ಹೆಸರು ಬದಲಾಗಿದೆ, ಇಲ್ಲವೇ ವರ್ಷ ತಪ್ಪಿದೆ. ಹೆಸರು ಬದಲಾಗಿದ್ದರೆ ಹಳೆಯ ಹೆಸರನ್ನು ಹುಡುಕಿ. ಇಲಾಖೆಯ ಕಾಗದಗಳು ಆ ಹೆಸರಿನಲ್ಲೇ ಇರುತ್ತವೆ.

ಗಡಿ ದಾಟಿದ ಕಾಗದಗಳು

ಕಾಸರಗೋಡಿನ ಶಾಲೆಯ ದಾಖಲೆ ಹುಡುಕುವವರಿಗೆ 1956ರ ನವೆಂಬರ್ 1 ಒಂದು ಗೋಡೆ. ಅದರ ಹಿಂದೆ ಎಲ್ಲವೂ ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸ್ ಆಡಳಿತ, ಮಂಗಳೂರಿನ ಕಚೇರಿ. ಈಚೆಗೆ ಕೇರಳ. 1957ರಲ್ಲಿ ಕಣ್ಣೂರು ಜಿಲ್ಲೆ ಆಯಿತು, ಹೊಸದುರ್ಗ ಬೇರೆ ತಾಲೂಕಾಯಿತು. 1984ರ ಮೇ 24ರಂದು ಕಾಸರಗೋಡು ಜಿಲ್ಲೆ, 2014ರಲ್ಲಿ ಮಂಜೇಶ್ವರ ತಾಲೂಕು. ಒಂದೇ ಊರಿನ ಶಾಲೆಗೆ ವಿಳಾಸ ಇಷ್ಟು ಸಲ ಬದಲಾಗಿರುವುದರಿಂದ ಹುಡುಕುವಾಗ ಆಯಾ ಕಾಲದ ವಿಳಾಸದಲ್ಲೇ ಹುಡುಕಬೇಕು.

1956ರ ಮೊದಲಿನ ಸರಕಾರಿ ಆದೇಶಗಳಿಗೆ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರ. ಅಲ್ಲಿಗೆ ಹೋಗುವ ಮುಂಚೆ ಆದೇಶದ ಸಂಖ್ಯೆ ಅಥವಾ ಕನಿಷ್ಠ ವರ್ಷ ಗೊತ್ತಿರಬೇಕು, ಬರಿಗೈಯಲ್ಲಿ ಹೋದರೆ ವಾರವಿಡೀ ಸೂಚಿಗಳಲ್ಲೇ ಕಳೆಯುತ್ತದೆ. ಸಂಖ್ಯೆ ಸಿಗುವುದು ಶಾಲೆಯ ಹಳೆ ತನಿಖಾ ಪುಸ್ತಕದಲ್ಲಿ: ಇನ್‌ಸ್ಪೆಕ್ಟರು ಮಾನ್ಯತೆಯ ಆದೇಶವನ್ನು ಮೇಲ್ಗಡೆ ಉಲ್ಲೇಖಿಸಿರುತ್ತಾರೆ. ಕೇರಳ ಕಾಲದ್ದಕ್ಕೆ ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳ ಎ.ಇ.ಒ. (ಸಹಾಯಕ ಶಿಕ್ಷಣಾಧಿಕಾರಿ) ಕಚೇರಿ ಮತ್ತು ಹೈಸ್ಕೂಲಾದರೆ ಕಾಸರಗೋಡಿನ ಡಿ.ಇ.ಒ. (ಜಿಲ್ಲಾ ಶಿಕ್ಷಣಾಧಿಕಾರಿ) ಕಚೇರಿ. ಬಾಯಿಮಾತಿನಲ್ಲಿ ಕೇಳಿ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕೆಂದು ಕಾನೂನಿದೆ. ಅರ್ಜಿಯಲ್ಲಿ ‘ಶಾಲೆಯ ಎಲ್ಲ ದಾಖಲೆ’ ಎಂದು ಬರೆದರೆ ಏನೂ ಬಾರದು. ‘ಇಂತಹ ವರ್ಷದಿಂದ ಇಂತಹ ವರ್ಷದವರೆಗಿನ ಸ್ಟಾಫ್ ಫಿಕ್ಸೇಶನ್ ಆದೇಶಗಳ ಪ್ರತಿ’ ಎಂದು ಬಿಡಿಬಿಡಿಯಾಗಿ ಕೇಳಿ.

ಈ ಸ್ಟಾಫ್ ಫಿಕ್ಸೇಶನ್ ಆದೇಶಗಳನ್ನು ಯಾರೂ ಚರಿತ್ರೆಯ ಸಾಮಗ್ರಿ ಎಂದು ಎಣಿಸುವುದಿಲ್ಲ. ಆದರೆ ಅನುದಾನಿತ ಶಾಲೆಯ ಏಳುಬೀಳು ಇಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣದು. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ಲೆಕ್ಕ ಹಿಡಿಯುತ್ತಾರೆ, ಅದರ ಮೇಲೆ ಡಿವಿಷನ್‌ಗಳೂ ಟೀಚರ್ ಹುದ್ದೆಗಳೂ ನಿರ್ಧಾರವಾಗುತ್ತವೆ. ಕನ್ನಡ ಡಿವಿಷನ್ ಎಷ್ಟು, ಮಲಯಾಳಂ ಎಷ್ಟು, ಇಂಗ್ಲಿಷ್ ಮಾಧ್ಯಮ ಯಾವ ವರ್ಷ ಸೇರಿತು, ಯಾವ ವರ್ಷ ಮಕ್ಕಳು ಸಾಲದೆ ‘ಡಿವಿಷನ್ ಫಾಲ್’ ಆಗಿ ಟೀಚರೊಬ್ಬರು ಹುದ್ದೆ ಕಳೆದುಕೊಂಡರು ಎಲ್ಲವೂ ಅಲ್ಲಿದೆ. ಹತ್ತು ವರ್ಷಕ್ಕೊಂದರಂತೆ ಆಯ್ದು ಒಂದು ಕೋಷ್ಟಕ ಮಾಡಿದರೂ ಗಡಿನಾಡಿನಲ್ಲಿ ಕನ್ನಡ ಕಲಿಕೆಗೆ ಏನಾಯಿತೆಂದು ಓದುಗರಿಗೆ ಗೊತ್ತಾಗುತ್ತದೆ. ಈ ಕೋಷ್ಟಕ ಇಲ್ಲದ ಶತಮಾನ ಸಂಚಿಕೆ ಅರ್ಧ ಕೆಲಸ.

ಶಾಲೆಯ ಹೆಸರಿನ ಅಕ್ಷರಗಳನ್ನೂ ವಿವರಿಸಿ. ಎ.ಎಸ್.ಬಿ. ಎಂದರೆ ಅನುದಾನಿತ ಸೀನಿಯರ್ ಬೇಸಿಕ್, ಎ.ಜೆ.ಬಿ. ಎಂದರೆ ಜೂನಿಯರ್ ಬೇಸಿಕ್. ಗಾಂಧೀಜಿಯ ಮೂಲಶಿಕ್ಷಣ ಯೋಜನೆಯಂತೆ ಮದ್ರಾಸ್ ಕಾಲದಲ್ಲಿ ನೂಲುವುದು, ನೇಯುವುದು, ತೋಟದ ಕೆಲಸ ಪಾಠವಾಗಿದ್ದ ಶಾಲೆಗಳ ಗುರುತು ಅದು. ಚರಕ ಹೋಯಿತು, ಹೆಸರು ಕೆಲವೆಡೆ ಉಳಿಯಿತು. ಹಳೆಯ ಹೈಸ್ಕೂಲುಗಳಲ್ಲಿ ‘ಫಾರಂ’ ಲೆಕ್ಕ ಇತ್ತು: ಒಂದನೆಯ ಫಾರಂ ಎಂದರೆ ಆರನೆಯ ತರಗತಿ, ಆರನೆಯ ಫಾರಂ ಎಂದರೆ ಎಸ್.ಎಸ್.ಎಲ್.ಸಿ. ‘ಥರ್ಡ್ ಫಾರಂ ಫೇಲ್’ ಎಂದು ಅಜ್ಜ ಹೇಳಿದ್ದರೆ ಅವರು ಎಂಟನೆಯವರೆಗೆ ಓದಿದವರು. ಮೂರನೆಯ ತರಗತಿ ಎಂದು ಬರೆದು ಅವಮಾನ ಮಾಡಬೇಡಿ.

ದಾಖಲಾತಿ ಪುಸ್ತಕ: ಇಡೀ ಕೆಲಸದ ಬೆನ್ನೆಲುಬು

ಮಳೆಗಾಲದಲ್ಲಿ ಹಳೆಯ ಪುಸ್ತಕ ಬಿಚ್ಚಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ತೇವಕ್ಕೆ ಕಾಗದ ಮೆತ್ತಗಾಗಿ ಹಾಳೆಗಳು ಅಂಟಿಕೊಂಡಿರುತ್ತವೆ, ಬಿಡಿಸಹೋದರೆ ಶಾಯಿಯ ಪದರ ಎದ್ದುಬರುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ತಿಂಗಳು ಸರಿಯಾದ ಕಾಲ. ಹರಿದ ಕಡೆ ಸೆಲ್ಲೊ ಟೇಪ್ ಅಂಟಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು: ಕೆಲವೇ ವರ್ಷದಲ್ಲಿ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಟೇಪ್ ಉದುರುತ್ತದೆ, ಕಲೆ ಉಳಿಯುತ್ತದೆ. ಲ್ಯಾಮಿನೇಶನ್ ಇನ್ನೂ ಕೆಟ್ಟದ್ದು, ಹಿಂದೆ ತರಲು ಆಗುವುದಿಲ್ಲ. ಹರಿದ ಹಾಳೆಯನ್ನು ಎರಡು ಬಿಳಿ ಹಾಳೆಗಳ ನಡುವೆ ಇಟ್ಟು ಹಾಗೇ ಬಿಡಿ. ಧೂಳಿಗೆ ಮೆತ್ತನೆಯ ಬಣ್ಣದ ಕುಂಚ ಸಾಕು, ಬೈಂಡಿನಿಂದ ಹೊರಕ್ಕೆ ಗುಡಿಸಬೇಕು. ಬೆರಳಿಗೆ ಎಂಜಲು ಹಚ್ಚಿ ಪುಟ ಮಗುಚುವವರನ್ನು ಈ ಕೆಲಸಕ್ಕೆ ಕೂರಿಸಬೇಡಿ.

ಫೋಟೊ ತೆಗೆಯಲು ದುಬಾರಿ ಸ್ಕ್ಯಾನರ್ ಬೇಡ; ಒಳ್ಳೆಯ ಮೊಬೈಲ್, ಅದನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದಿಡುವ ಸ್ಟ್ಯಾಂಡ್, ಉತ್ತರದ ಕಿಟಕಿಯ ಬೆಳಕು ಇದ್ದರಾಯಿತು. ಫ್ಲಾಶ್ ಬೇಡ, ಶಾಯಿಯ ಮೇಲೆ ಬೆಳ್ಳಗೆ ಹೊಳೆದು ಅಕ್ಷರ ಕಾಣುವುದಿಲ್ಲ. ಪುಸ್ತಕವನ್ನು ಪೂರ್ತಿ ಚಪ್ಪಟೆಯಾಗಿ ಬಿಡಿಸಬಾರದು. ಎರಡೂ ಬದಿಗೆ ಮಡಚಿದ ಬಟ್ಟೆ ಕೊಟ್ಟು ಸುಮಾರು 120 ಡಿಗ್ರಿಗೆ ನಿಲ್ಲಿಸಿ, ಒಂದೊಂದು ಪುಟವನ್ನೇ ತೆಗೆಯಿರಿ. ಪ್ರತಿ ಪುಸ್ತಕದ ಹೊರಕವಚ, ಖಾಲಿ ಹಾಳೆ, ಕೊನೆಯ ಪುಟದ ಗೀಚು ಸಹಿತ ಎಲ್ಲವನ್ನೂ ತೆಗೆಯಬೇಕು, ಯಾವುದನ್ನೂ ‘ಇದು ಬೇಡ’ ಎಂದು ಬಿಡಬೇಡಿ. ಕಡತದ ಹೆಸರು ಪುಸ್ತಕದ ಗುರುತು, ವರ್ಷ, ಪುಟ ಈ ಕ್ರಮದಲ್ಲಿರಲಿ: ‘ಎ-1931-017’ ಎಂಬಂತೆ. ಶಾಲೆ ಮೇಲ್ದರ್ಜೆಗೇರಿದಾಗ ಕೆಲವೆಡೆ ದಾಖಲಾತಿ ಸಂಖ್ಯೆಯನ್ನು ಮತ್ತೆ ಒಂದರಿಂದ ಶುರುಮಾಡಿರುತ್ತಾರೆ. ಪುಸ್ತಕದ ಗುರುತು ಇಲ್ಲದಿದ್ದರೆ 214ನೆಯ ನಂಬರಿನ ಇಬ್ಬರು ಮಕ್ಕಳು ಒಬ್ಬರಾಗಿಬಿಡುತ್ತಾರೆ.

ಆಮೇಲೆ ಟೈಪಿಂಗ್. ಒಂದು ಸಾಲಿಗೆ ಒಂದು ನಿಮಿಷ ಹಿಡಿದರೂ 8,000 ಮಕ್ಕಳ ವಿವರಕ್ಕೆ 130 ಗಂಟೆಗಿಂತ ಹೆಚ್ಚು ಬೇಕು. ನಾಲ್ವರು ವಾರಕ್ಕೆ ನಾಲ್ಕು ಗಂಟೆ ಕೂತರೆ ಎರಡು ತಿಂಗಳ ಕೆಲಸ. ಸಂಖ್ಯೆ, ಹೆಸರು, ಸೇರಿದ ದಿನ, ಸೇರಿದ ತರಗತಿ, ಊರು, ಪೋಷಕರ ಕಸುಬು, ಬಿಟ್ಟ ದಿನ, ಬಿಟ್ಟ ತರಗತಿ, ಬಿಟ್ಟ ಕಾರಣ ಇಷ್ಟು ಅಂಕಣ ಸಾಕು. ಹೆಸರನ್ನು ಪುಸ್ತಕದಲ್ಲಿ ಇದ್ದಂತೆಯೇ ಟೈಪ್ ಮಾಡಿ, ಈಗಿನ ರೂಪಕ್ಕೆ ಬೇರೆ ಅಂಕಣ ಇಡಿ. ಇಗರ್ಜಿಯ ದಾಖಲೆಯ ಸೆಬಾಸ್ಟಿಯನ್ ಶಾಲೆಯಲ್ಲಿ ಬಸ್ತ್ಯಾಂವ್ ಆಗಿರುತ್ತಾನೆ, ಪೀಟರ್ ಪೆದ್ರು ಆಗಿರುತ್ತಾನೆ. ಡಿಸೋಜ ಎಂಬ ಒಂದೇ ಮನೆತನ ಮೂರು ಕಾಗುಣಿತದಲ್ಲಿ ಸಿಗುತ್ತದೆ. ತಿದ್ದುತ್ತಾ ಹೋದರೆ ಯಾವುದು ಮೂಲ, ಯಾವುದು ನಮ್ಮ ಊಹೆ ಎಂಬುದೇ ಅಳಿಸಿಹೋಗುತ್ತದೆ.

ಜನನ ದಿನಾಂಕದ ಅಂಕಣವನ್ನು ನಂಬಬೇಡಿ. ಹಳೆಯ ಪುಸ್ತಕಗಳಲ್ಲಿ ಅರ್ಧ ತರಗತಿ ಮೇ, ಜೂನ್ ತಿಂಗಳಲ್ಲೇ ಹುಟ್ಟಿದಂತೆ ಕಾಣುವುದುಂಟು. ಶಾಲೆಗೆ ಸೇರಿಸಲು ಐದು ತುಂಬಿರಬೇಕಿತ್ತು, ಮಾಸ್ಟ್ರು ತುಂಬಿಸಿದರು, ಅಷ್ಟೆ. ಕ್ರೈಸ್ತ ಮಕ್ಕಳದ್ದನ್ನು ದೀಕ್ಷಾಸ್ನಾನದ ಪುಸ್ತಕದೊಡನೆ ತಾಳೆ ನೋಡಬಹುದು. ಬಿಟ್ಟ ಕಾರಣದ ಅಂಕಣ ಮಾತ್ರ ಬಂಗಾರ: ‘ಬಡತನ’, ‘ಮನೆಕೆಲಸ’, ‘ಘಟ್ಟಕ್ಕೆ ಹೋದ’, ‘ಮದುವೆ’ ಎಂಬ ಒಂದೊಂದು ಪದದಲ್ಲಿ ಆ ಕಾಲದ ಊರು ನಿಂತಿರುತ್ತದೆ. ಹೆಣ್ಣುಮಕ್ಕಳು ಯಾವ ತರಗತಿಯಲ್ಲಿ ಬಿಟ್ಟರು ಎಂಬುದನ್ನು ದಶಕವಾರು ಎಣಿಸಿ. ಜಾತಿ, ಮತ, ಜನನ ದಿನಾಂಕಗಳನ್ನು ಹೆಸರಿನ ಜೊತೆ ಅಚ್ಚು ಮಾಡಲೇಬಾರದು. ಒಟ್ಟು ಲೆಕ್ಕ ಕೊಡಬಹುದು, ಒಬ್ಬೊಬ್ಬರ ವಿವರ ಬೇಡ.

ಹಣದ ಲೆಕ್ಕ ಬಂದಲ್ಲಿ ಎಡವದಿರಿ. ‘12-8-0’ ಎಂದರೆ 12 ರೂಪಾಯಿ 8 ಆಣೆ, ಅಂದರೆ ಹನ್ನೆರಡೂವರೆ ರೂಪಾಯಿ. 16 ಆಣೆಗೆ ಒಂದು ರೂಪಾಯಿ, 12 ಪೈಗೆ ಒಂದು ಆಣೆ. 1957ರ ಏಪ್ರಿಲ್ 1ರಿಂದ ನಯಾ ಪೈಸೆ. ಜಾಗದ ಕಾಗದಗಳಲ್ಲಿ ಫಸಲಿ (ಕಂದಾಯ) ವರ್ಷ ಇರುತ್ತದೆ: ಜುಲೈ 1ರಿಂದ ಶುರುವಾಗುವ ಈ ವರ್ಷಕ್ಕೆ 590 ಕೂಡಿಸಿದರೆ ಅದು ಆರಂಭವಾದ ಇಸವಿ ಬರುತ್ತದೆ. ಫಸಲಿ 1340 ಎಂದರೆ 1930ರ ಜುಲೈಯಿಂದ 1931ರ ಜೂನ್. ಶಾಲೆಯ ಜಾಗ ಮೂಲಗೇಣಿಯದೋ (ಶಾಶ್ವತ ಗೇಣಿ), ದಾನದ್ದೋ, ಕ್ರಯದ್ದೋ ಎಂಬುದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯ ಆಧಾರದಿಂದ ತಿಳಿದು ಬರೆಯಿರಿ. ಜಾಗ ಕೊಟ್ಟ ಮನೆತನ ಕ್ರೈಸ್ತೇತರರದ್ದಾಗಿದ್ದರೆ ಅದನ್ನು ಎದ್ದು ಕಾಣುವಂತೆ ಹೇಳುವುದು ನ್ಯಾಯ.

ಇಗರ್ಜಿಯ ಕಡೆಯ ದಾಖಲೆಗಳು

ಉತ್ತರದ ಫಿರ್ಗಜೆಗಳು ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. ಅದು 1886ರಲ್ಲಿ ಸ್ಥಾಪನೆಯಾಯಿತು, ಬೇಳದ ವ್ಯಾಕುಲ ಮಾತೆಯ ಇಗರ್ಜಿ 1890ರದ್ದು. ಪೂರ್ವದ ಬೆಟ್ಟಗಳಲ್ಲಿ ತಿರುವಾಂಕೂರಿನ ಕಡೆಯಿಂದ ಬಂದ ಸಿರೊ ಮಲಬಾರ್ ಕುಟುಂಬಗಳ ಶಾಲೆಗಳು 1953ರಲ್ಲಿ ಆದ ತಲಶ್ಶೇರಿ ಧರ್ಮಪ್ರಾಂತ್ಯದವು, ಅವುಗಳ ಕಾಗದ ಮಲಯಾಳಂನಲ್ಲಿರುತ್ತದೆ. ನಿಮ್ಮದು ಯಾವುದೆಂದು ತಿಳಿದ ಮೇಲೆ ವಿಗಾರರಿಂದ (ಫಿರ್ಗಜೆಯ ಮುಖ್ಯ ಗುರುಗಳಿಂದ) ಪತ್ರ ತೆಗೆದುಕೊಂಡು ಪತ್ರಾಗಾರ ನೋಡಲು ಕೇಳಿ. ಫಿರ್ಗಜೆಯಲ್ಲೇ ಇರುವ ಧರ್ಮಗುರುಗಳ ದಿನಚರಿಯನ್ನು ಮೊದಲು ನೋಡಿ. ಜೆಸ್ವಿತರು 1878ರ ಕೊನೆಯ ದಿನ ಮಂಗಳೂರಿಗೆ ಕಾಲಿಟ್ಟವರು. ಆ ತಲೆಮಾರಿನ ಇಟಾಲಿಯನ್ ಗುರುಗಳು ಬರೆದಿಟ್ಟದ್ದಾದರೆ ಲ್ಯಾಟಿನ್, ಇಟಾಲಿಯನ್ ಮಾತುಗಳು ನಡುನಡುವೆ ಬರುತ್ತವೆ. ಅಂತಹ ಪುಟವನ್ನು ಅರ್ಥಮಾಡಿಕೊಂಡಷ್ಟು ಬರೆಯದೆ ಬಲ್ಲ ಗುರುಗಳಿಂದ ಓದಿಸಿ.

ಸಮಿತಿಗಳು ಮರೆಯುವುದು ಸಿಸ್ಟರುಗಳನ್ನು. ಪ್ರತಿ ಕಾನ್ವೆಂಟಿನಲ್ಲಿ ಮನೆಯ ವಾರ್ಷಿಕ ವೃತ್ತಾಂತ ಬರೆದಿಡುವ ರೂಢಿ ಇದೆ. ಶಾಲೆಯಲ್ಲಿ ಯಾರು ಯಾವ ವರ್ಷ ಕಲಿಸಿದರು, ಸಿಡುಬಿನ ಕಾಲದಲ್ಲಿ ಏನಾಯಿತು, ಮಾಡು ಹಾರಿಹೋದದ್ದು ಯಾವ ಮಳೆಗೆ ಎಲ್ಲವೂ ಅಲ್ಲಿರಬಹುದು. 1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ತಲಿಕ್ ಕಾರ್ಮೆಲ್, 1887ರ ಉರ್ಸುಲೈನ್ ಫ್ರಾನ್ಸಿಸ್ಕನ್, 1898ರಲ್ಲಿ ಬಂದ ಸಿಸ್ಟರ್ಸ್ ಆಫ್ ಚಾರಿಟಿ, 1921ರ ಬೆಥನಿ ಇವುಗಳಲ್ಲಿ ಯಾವ ಸಭೆಯವರು ನಿಮ್ಮಲ್ಲಿದ್ದರೆಂದು ನೋಡಿ ಅವರ ಮಂಗಳೂರಿನ ಮುಖ್ಯ ಮಠಕ್ಕೆ ಬರೆಯಿರಿ. ಪತ್ರಿಕೆಗಳಲ್ಲಿ 1938ರಿಂದ ಬರುತ್ತಿರುವ ಕೊಂಕಣಿ ವಾರಪತ್ರಿಕೆ ‘ರಾಕ್ಣೊ’ ಫಿರ್ಗಜೆಗಳ ಸುದ್ದಿಗೆ ಒಳ್ಳೆಯ ಮೂಲ. ಕಟ್ಟಡದ ಉದ್ಘಾಟನೆ, ಶಾಲಾ ವಾರ್ಷಿಕೋತ್ಸವದ ವರದಿಗಳನ್ನು ಅಲ್ಲಿ ಹುಡುಕಿ.

ಆಚರಣೆಗಳನ್ನು ಬರೆಯುವ ಕ್ರಮ

‘ಶಿಸ್ತಿಗೆ ಹೆಸರಾದ ಶಾಲೆ’ ಎಂಬ ವಾಕ್ಯ ಎಲ್ಲ ಶಾಲೆಗೂ ಸಲ್ಲುತ್ತದೆ, ಹಾಗಾಗಿ ಯಾವ ಶಾಲೆಗೂ ಸಲ್ಲುವುದಿಲ್ಲ. ಶಿಸ್ತು ಹೇಗಿತ್ತೆಂದು ಬರೆಯಿರಿ. ಬೆಳಗ್ಗಿನ ಗಂಟೆ ಎಷ್ಟು ಸಲ, ಯಾರು ಬಾರಿಸುತ್ತಿದ್ದರು, ಅದು ಇಗರ್ಜಿಯ ಗಂಟೆಯೋ ರೈಲು ಕಂಬಿಯ ತುಂಡೋ? ಅಸೆಂಬ್ಲಿಯ ಪ್ರಾರ್ಥನೆ ಯಾವ ಭಾಷೆಯಲ್ಲಿ, ಯಾವಾಗ ಬದಲಾಯಿತು? ಮಧ್ಯಾಹ್ನ 12ಕ್ಕೆ ಆಂಜೆಲುಸ್ ಪ್ರಾರ್ಥನೆಯ ಗಂಟೆ ಬಿದ್ದಾಗ ತರಗತಿಯಲ್ಲಿ ಎಲ್ಲರೂ ಏಳುತ್ತಿದ್ದರೋ, ಬೇರೆ ಮತದ ಮಕ್ಕಳು ಏನು ಮಾಡುತ್ತಿದ್ದರು? ಒಂದೊಂದು ಆಚರಣೆಗೂ ಐದು ಪ್ರಶ್ನೆ: ಯಾವಾಗ ಶುರು, ಯಾರು ಶುರುಮಾಡಿದ್ದು, ನಡೆಯುವ ಕ್ರಮ, ಏನು ಬದಲಾಯಿತು, ನಿಂತಿದ್ದರೆ ಯಾಕೆ.

ಧರ್ಮೋಪದೇಶ ಮತ್ತು ನೀತಿಪಾಠಗಳನ್ನು ಬೆರೆಸಬೇಡಿ. ಸಂವಿಧಾನದ 28(3)ನೆಯ ವಿಧಿಯ ಪ್ರಕಾರ ಸರಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಆದ್ದರಿಂದ ವೇಳಾಪಟ್ಟಿಯಲ್ಲಿ ಒಂದೇ ಪೀರಿಯಡ್‌ಗೆ ಎರಡು ಕೋಣೆ ಇರುವುದು ಸಾಮಾನ್ಯ: ಕ್ರೈಸ್ತ ಮಕ್ಕಳಿಗೆ ದೊತೊರ್ನ್, ಉಳಿದವರಿಗೆ ನೀತಿಪಾಠ. ಹಳೆಯ ವೇಳಾಪಟ್ಟಿ ಒಂದು ಸಿಕ್ಕಿದರೂ ಅದರ ಚಿತ್ರವನ್ನೇ ಅಚ್ಚುಮಾಡಿ.

ಹಬ್ಬದ ದಿನಾಂಕಗಳಲ್ಲಿ ಒಂದು ಬಲೆ ಇದೆ. 1969ರಲ್ಲಿ ರೋಮಿನ ಪೂಜಾ ಪಂಚಾಂಗ ಪರಿಷ್ಕರಣೆಯಾಯಿತು. ಅಕ್ಟೋಬರದ ಕೊನೆಯ ಭಾನುವಾರ ಇದ್ದ ಕ್ರಿಸ್ತರಾಜನ ಹಬ್ಬ ನವೆಂಬರದ ಕೊನೆಯ ಹೊತ್ತಿಗೆ ಸರಿಯಿತು. ವಿದ್ಯಾರ್ಥಿಗಳ ಪಾಲಕ ಥಾಮಸ್ ಅಕ್ವಿನಾಸರ ಹಬ್ಬ ಮಾರ್ಚ್ 7ರಿಂದ ಜನವರಿ 28ಕ್ಕೆ ಬಂತು. ಅಪೊಸ್ತಲ ಥಾಮಸರದ್ದು ಡಿಸೆಂಬರ್ 21ರಿಂದ ಜುಲೈ 3ಕ್ಕೆ. ಹಳೆಯ ದಿನಚರಿಯಲ್ಲಿ ಬೇರೆ ತಿಂಗಳು ಕಂಡರೆ ತಪ್ಪೆಂದು ತಿದ್ದಬೇಡಿ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ (ಮರಿಯಮ್ಮನ ಹುಟ್ಟುಹಬ್ಬ, ತೆನೆಹಬ್ಬ) ಮಾತ್ರ ಕದಲಲಿಲ್ಲ. ಮಕ್ಕಳು ಹೂ ತರುತ್ತಿದ್ದ ಆ ಒಂಬತ್ತು ದಿನ, ಹೊಸ ತೆನೆ, ಸಸ್ಯಾಹಾರದ ಊಟ ಎಲ್ಲ ಮತದ ಹಳೆ ವಿದ್ಯಾರ್ಥಿಗಳ ನೆನಪಿನಲ್ಲೂ ಇರುವುದರಿಂದ ಇದಕ್ಕೆ ಹೆಚ್ಚು ಪುಟ ಕೊಡಿ. ರಜೆಯ ಪಂಚಾಂಗವೂ ಚರಿತ್ರೆಯೇ: ಕೇರಳಕ್ಕೆ ಸೇರಿದ ಮೇಲೆ ಓಣಂ ಪರೀಕ್ಷೆ, ಓಣಂ ರಜೆ ಬಂದವು. ರಾಜ್ಯ ಶಾಲಾ ಕಲೋತ್ಸವದ ಸ್ಪರ್ಧೆಗಳಲ್ಲಿ ಯಕ್ಷಗಾನವೂ ಇದೆ. ಪಾದ್ರಿಗಳ ಶಾಲೆಯ ಅಂಗಳದಲ್ಲಿ ಚೆಂಡೆ ಕಲಿತ ಮಕ್ಕಳಿದ್ದರೆ ಅದು ನಿಮ್ಮ ಪುಸ್ತಕದ ಹೆಮ್ಮೆಯ ಪುಟ.

ಹಿರಿಯರನ್ನು ಮಾತಾಡಿಸುವಾಗ ‘ಶಾಲೆ ಹೇಗಿತ್ತು?’ ಎಂದು ಕೇಳಿದರೆ ‘ಒಳ್ಳೆದಿತ್ತು’ ಎಂಬ ಉತ್ತರ ಬರುತ್ತದೆ. ವಸ್ತುವಿನ ಬಗ್ಗೆ ಕೇಳಿ: ಸ್ಲೇಟು ಎಲ್ಲಿಂದ ತಂದಿರಿ, ತೋಡು ದಾಟುವ ಸಂಕ ಯಾವಾಗ ಮುರಿಯಿತು, ಮಧ್ಯಾಹ್ನದ ಉಪ್ಪಿಟ್ಟಿನ ಹಿಟ್ಟು ಯಾವ ಚೀಲದಲ್ಲಿ ಬರುತ್ತಿತ್ತು. ಅವರ ಮನೆಮಾತಿನಲ್ಲೇ ಮಾತಾಡಿಸಿ, ಅದೇ ಭಾಷೆಯಲ್ಲಿ ಬರೆದುಕೊಂಡು ಆಮೇಲೆ ಕನ್ನಡಕ್ಕೆ ತನ್ನಿ. ವರ್ಷ ನೆನಪಿಲ್ಲದಿದ್ದರೆ ಕಾಸರಗೋಡು ಕೇರಳಕ್ಕೆ ಹೋದ ಮೊದಲೋ ಮೇಲೋ, ತುರ್ತು ಪರಿಸ್ಥಿತಿಯ ಮೊದಲೋ ಮೇಲೋ ಎಂದು ಕೇಳುತ್ತಾ ಹತ್ತಿರ ಬನ್ನಿ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ವಿಲೀನೀಕರಣದ ಚಳವಳಿಯ ದಿನಗಳಲ್ಲಿ ಶಾಲೆ ಮುಚ್ಚಿತ್ತೇ, ಮಕ್ಕಳು ಮೆರವಣಿಗೆಗೆ ಹೋಗಿದ್ದರೇ ಎಂದು ಕೇಳಲು ಹಿಂಜರಿಯಬೇಡಿ. ಆದರೆ ಒಬ್ಬರೇ ಹೇಳಿದ್ದನ್ನು ‘ಹೀಗೆ ನೆನಪಿಸಿಕೊಳ್ಳುತ್ತಾರೆ’ ಎಂದೇ ಬರೆಯಬೇಕು, ಘಟನೆ ಎಂದಲ್ಲ. ಹೊಡೆತ, ಅವಮಾನದ ನೆನಪುಗಳೂ ಬರುತ್ತವೆ. ಅವನ್ನು ಹೆಸರಿಲ್ಲದೆ, ಹೇಳಿದವರ ಒಪ್ಪಿಗೆ ಪಡೆದು ಸೇರಿಸಿ, ತೆಗೆದುಹಾಕಬೇಡಿ.

ಅಚ್ಚಿಗೆ ಕಳಿಸುವ ಮುನ್ನ

ಯುನಿಕೋಡಿನಲ್ಲಿ ಟೈಪ್ ಮಾಡಿದ್ದನ್ನು ಪ್ರೆಸ್‌ನವರು ನುಡಿಯಂತಹ ಹಳೆಯ ಅಕ್ಷರಗಳಿಗೆ ಬದಲಾಯಿಸುವುದುಂಟು. ಆಗ ಅರ್ಕಾವತ್ತು, ಒತ್ತಕ್ಷರಗಳು ಚದುರುತ್ತವೆ. ಕರಡು ತಿದ್ದುವುದು ಬದಲಾವಣೆಯ ನಂತರದ ಪ್ರತಿಯಲ್ಲೇ ಆಗಬೇಕು. ಹೆಸರಿನ ಪಟ್ಟಿಗಳನ್ನು ಇಬ್ಬರು ಕೂತು, ಒಬ್ಬರು ಮೂಲದಿಂದ ಗಟ್ಟಿಯಾಗಿ ಓದಿ ಇನ್ನೊಬ್ಬರು ಕರಡಿನಲ್ಲಿ ಗುರುತು ಹಾಕುತ್ತಾ ನೋಡಬೇಕು. ಕಣ್ಣಾಡಿಸಿದರೆ ತಪ್ಪು ಸಿಗುವುದಿಲ್ಲ. ಹಳೆಯ ಚಿಕ್ಕ ಫೋಟೊಗಳನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ವಾಟ್ಸಾಪ್‌ನಲ್ಲಿ ಬಂದ ಪ್ರತಿ ಅಚ್ಚಿಗೆ ಆಗದು. ಒಳಪುಟಕ್ಕೆ 70 ಜಿಎಸ್ಎಂ ಮ್ಯಾಪ್‌ಲಿಥೊ, ಫೋಟೊ ಪುಟಗಳಿಗೆ 130 ಜಿಎಸ್ಎಂ ಆರ್ಟ್ ಪೇಪರ್ ಸಾಕು. ಒಟ್ಟು ಪುಟ 16ರ ಗುಣಕದಲ್ಲಿದ್ದರೆ ಖರ್ಚು ಹಿಡಿತದಲ್ಲಿರುತ್ತದೆ. ಜಾಹೀರಾತುಗಳನ್ನು ಕೊನೆಗೆ ಒಟ್ಟಿಗೆ ಹಾಕಿ, ಚರಿತ್ರೆಯ ನಡುವೆ ತೂರಿಸಬೇಡಿ.

ಅಚ್ಚಾದ ಮೇಲೆ ಒಂದೊಂದು ಪ್ರತಿ ಧರ್ಮಪ್ರಾಂತ್ಯದ ಪತ್ರಾಗಾರಕ್ಕೂ ಊರಿನ ಗ್ರಂಥಾಲಯಕ್ಕೂ ಹೋಗಲಿ. ಫೋಟೊ ಕಡತಗಳನ್ನು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿಟ್ಟು ಒಂದನ್ನು ಶಾಲೆಯಲ್ಲಿ, ಇನ್ನೊಂದನ್ನು ಬೇರೆ ಕಟ್ಟಡದಲ್ಲಿ ಇಡಿ. ವರ್ಷಕ್ಕೊಮ್ಮೆ ಬೇಸಿಗೆ ರಜೆಯಲ್ಲಿ ತೆರೆದು ನೋಡುವ ಹೊಣೆ ಒಬ್ಬರಿಗೆ ವಹಿಸಿ. ಮೂರು ಪ್ರತಿಗಳಿಗೆ ನಡುನಡುವೆ ಖಾಲಿ ಹಾಳೆ ಸೇರಿಸಿ ಬೈಂಡ್ ಮಾಡಿಸಿ ಹೆಡ್‌ಮಾಸ್ಟ್ರ ಕೋಣೆಯಲ್ಲಿಡಿ. ಸಂಚಿಕೆ ಓದಿದ ಹಳೆ ವಿದ್ಯಾರ್ಥಿಗಳು ‘ಇದು ತಪ್ಪು, ನಮ್ಮಪ್ಪ ಸೇರಿದ್ದು ಆ ವರ್ಷ ಅಲ್ಲ’ ಎಂದು ಬರುವುದು ಹಬ್ಬ ಮುಗಿದ ಮೇಲೆಯೇ. ಅವರು ಹೇಳಿದ್ದನ್ನು ಆ ಹಾಳೆಯಲ್ಲಿ ದಿನಾಂಕ, ಸಹಿ ಸಹಿತ ಬರೆಸಿಕೊಳ್ಳಿ.